ಹೊಸ ವಿಶ್ವಾಸಿ ಮತ್ತು ಅನ್ನದ ಪ್ರಶ್ನೆ

ಆದಿ ಕ್ರೈಸ್ತ ಸಭೆಯ ಮೊದಲ ಜಗಳಗಳಲ್ಲೊಂದು ಎದ್ದದ್ದು ಅನ್ನದ ವಿಷಯದಲ್ಲಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆಂಬ ದೂರನ್ನು ಬೈಬಲಿನ 'ಅಪೊಸ್ತಲರ ಕೃತ್ಯಗಳು' ದಾಖಲಿಸಿದೆ. ಯಹೂದ್ಯೇತರರೊಂದಿಗೆ ಸಹಭೋಜನದ ವಿಚಾರದಲ್ಲಿ ಪೌಲನು ಪೇತ್ರನನ್ನೇ ಎದುರುಹಾಕಿಕೊಂಡ.

ಪಂಕ್ತಿಭೇದ ಬಲ್ಲ ನಮ್ಮ ನಾಡಿಗೆ ಇದು ಹೊಸ ಕಥೆಯಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗದ್ದಲವೇ ಆಯಿತು. ಮತಾಂತರಗೊಂಡವರ ಆಸ್ತಿಹಕ್ಕನ್ನು ರಕ್ಷಿಸುವ ಕಾಯಿದೆ ಬಂದದ್ದು 1850ರಲ್ಲಿ. ಆದರೆ ಆಸ್ತಿಯೇ ಇಲ್ಲದವನಿಗೆ ಅದರಿಂದೇನು? ಹೊಸ ಕ್ರೈಸ್ತರಲ್ಲಿ ಬಿಲ್ಲವರೇ ಹೆಚ್ಚು. ಅವರ ಮೂರ್ತೆ ಕಸುಬು, ಅಂದರೆ ಕಳ್ಳು ಇಳಿಸುವುದು, ಮಿಶನ್ನಿಗೆ ಒಪ್ಪಿಗೆಯಾಗಲಿಲ್ಲ. ಜಾತಿ ಹೋಯಿತು, ಕಸುಬೂ ಹೋಯಿತು. 1851ರಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಸಂಕಟವಿದೆ.

ಕೆಲಸ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಬ್ಬರೇ ಆದಾಗ ಹಳೆಯ ಒಡೆಯನ ಜಾಗಕ್ಕೆ ಹೊಸ ಒಡೆಯ ಬಂದಂತಲ್ಲವೇ? ಕೇಳಲೇಬೇಕಾದ ಮಾತು. ಆದರೂ ಮಗ್ಗದ ಕೂಲಿ ಕುಲ ನೋಡಿ ಬರುತ್ತಿರಲಿಲ್ಲ. ಅದು ಸಣ್ಣ ಸಂಗತಿಯಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಬಂಧಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆ ನಡೆಸುವ ಹೊಣೆ ಊರ ಕ್ರೈಸ್ತರ ಹೆಗಲಿಗೆ ಬಿತ್ತು.