ಶ್ವಾಸಕೋಶ ತೆಗೆದ ನಂತರದ ತೊಡಕುಗಳು

ಒಂದು ಶ್ವಾಸಕೋಶವನ್ನು ಪೂರ್ತಿ ತೆಗೆಸಿಕೊಂಡವರ ದೀರ್ಘಕಾಲದ ಆರೈಕೆಯಲ್ಲಿ, ಉಳಿದ ಶ್ವಾಸಕೋಶದಷ್ಟೇ ಖಾಲಿಯಾದ ಜಾಗದ ಮೇಲೂ ಕಣ್ಣಿಡಬೇಕು. ಈ ಎಚ್ಚರ ಹಲವು ವರ್ಷಗಳ ಮಾತು: 1933ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಇವಾರ್ಟ್ಸ್ ಗ್ರಹಾಂ ಕ್ಯಾನ್ಸರಿಗಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ ರೋಗಿ ಸುಮಾರು 30 ವರ್ಷ ಬದುಕಿದ್ದರು. ಖಾಲಿ ಜಾಗದಲ್ಲಿ ದ್ರವ ತುಂಬುತ್ತದೆ. ಎಕ್ಸ್‌ರೇಯಲ್ಲಿ ಅದರ ಮಟ್ಟ ಏಕಾಏಕಿ ಇಳಿದಿದ್ದರೆ ಶ್ವಾಸನಾಳದ ಹೊಲಿಗೆ ಬಿಟ್ಟಿರುವ ಶಂಕೆ ಬರಬೇಕು. ಖಾಲಿ ಜಾಗದಲ್ಲಿ ಕೀವಾಗುವುದು ವರ್ಷಗಳ ನಂತರವೂ ಉಂಟು. ಏದುಸಿರು ಬಂದಾಗ ‘ಒಂದೇ ಶ್ವಾಸಕೋಶ ತಾನೆ’ ಎನ್ನುವುದು ಸುಲಭ, ಅರ್ಧ ನಿಜವೂ ಹೌದು. ಆದರೆ ಚೇತರಿಸಿಕೊಂಡವರಲ್ಲಿ ತಿಂಗಳುಗಳ ಬಳಿಕ ಹೊಸದಾಗಿ ಹೆಚ್ಚುವ ಏದುಸಿರಿಗೆ ಅದು ಉತ್ತರವಲ್ಲ. ಮುಖ್ಯವಾಗಿ ಬಲ ಶ್ವಾಸಕೋಶ ತೆಗೆದವರಲ್ಲಿ, ಹೃದಯ ಖಾಲಿ ಬದಿಗೆ ವಿಪರೀತ ಸರಿದು, ಎಡ ಶ್ವಾಸನಾಳ ಬೆನ್ನುಮೂಳೆಗೋ ಮಹಾಧಮನಿಗೋ ಒತ್ತಿಕೊಂಡು ಚಪ್ಪಟೆಯಾಗಬಹುದು. ಇದಕ್ಕೆ ಇನ್‌ಹೇಲರ್ ನಾಟದು; ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿಯಲ್ಲಿ ಪತ್ತೆಯಾದರೆ, ಖಾಲಿ ಜಾಗದಲ್ಲಿ ಸಲೈನ್ ತುಂಬಿದ ಚೀಲ ಕೂರಿಸಿ ಹೃದಯವನ್ನು ಮಧ್ಯಕ್ಕೆ ತರಲು ಸಾಧ್ಯ.