ಬಿಳಿ ಕಾಗೆ

ಪಿತೃಪಕ್ಷದಲ್ಲಿ ಭೋಸರಿಯ ನಾವು ಎಡೆಯಿಟ್ಟು ಕರೆಯುವ ಕಾಗೆಗಳು ಎರಡು ಬಗೆಯವು: ಬೂದುಗೊರಳಿನ ಊರಕಾಗೆ ಮತ್ತು ಪೂರ್ಣ ಕಪ್ಪಾದ ಕಾಡುಕಾಗೆ. ಬಿಳಿ ಕಾಗೆಯೆಂಬುದು ಇಲ್ಲಿ ಮೂರನೆಯ ಜಾತಿಯಲ್ಲ. ಗರಿಗೆ ಕಪ್ಪು ಕೊಡುವ ಮೆಲನಿನ್ ವರ್ಣದ್ರವ್ಯದ ಕೊರತೆಯಿಂದ ಇವುಗಳ ಗೂಡಿನಲ್ಲಿಯೇ ಅಪರೂಪಕ್ಕೆ ಹುಟ್ಟುವಂಥದು. ಕಣ್ಣಿನಲ್ಲೂ ಮೆಲನಿನ್ ಇಲ್ಲದೆ ಅದು ಕೆಂಪಾಗಿ ಕಂಡರೆ ಆಲ್ಬಿನೋ. ಕಣ್ಣು ಕಪ್ಪಾಗಿಯೇ ಉಳಿದು ಗರಿ ಮಾತ್ರ ಬೆಳ್ಳಗಾದರೆ ಲ್ಯೂಸಿಸಂ. ಪತ್ರಿಕೆಗಳು ಎರಡನ್ನೂ ಆಲ್ಬಿನೋ ಎಂದೇ ಬರೆಯುವುದುಂಟು.

ಆಲ್ಬಿನೋ ಮರಿಗೆ ತಂದೆತಾಯಿಗಳಿಬ್ಬರಿಂದಲೂ ಆ ದೋಷಯುಕ್ತ ವಂಶವಾಹಿ ಬರಬೇಕು. ಹುಟ್ಟಿದರೂ ದೃಷ್ಟಿ ಮಂದ. ಮೆಲನಿನ್ ಇಲ್ಲದ ಗರಿ ಬೇಗನೆ ಸವೆಯುತ್ತದೆ. ಸ್ವಕುಲದವೇ ಕುಕ್ಕಿ ಅಟ್ಟುವುದೂ ಉಂಟು. ಆದಕಾರಣ ನಮಗೆ ಕಾಣಸಿಗುವ ಬೆಳೆದ ಬಿಳಿ ಕಾಗೆ ಸಾಮಾನ್ಯವಾಗಿ ಆಲ್ಬಿನೋ ಆಗಿರುವುದಿಲ್ಲ. ಅದನ್ನು ಶಕುನವೆಂದು ಓಡಿಸುವುದಾಗಲಿ, ಕನಿಕರದಿಂದ ಪಂಜರಕ್ಕೆ ಹಾಕುವುದಾಗಲಿ ಬೇಡ. ಎಡೆಯ ಅನ್ನ ಅದಕ್ಕೂ ಸಲ್ಲುತ್ತದೆ.