ಹೊಂಗೆ, ಕರಂಜ ಮತ್ತು ಜೋಗದ ಒಂದು ಹುಲ್ಲು

ಪುಣೆಗೆ ಬಂದು ಮೂವತ್ತೊಂದು ವರ್ಷವಾಯಿತು. ಆದರೂ ನಮ್ಮ ಸೊಸೈಟಿಯ ಗೇಟಿನ ಪಕ್ಕದ ಮರ ನನ್ನ ಬಾಯಲ್ಲಿ ಹೊಂಗೆಯೇ. ಪಕ್ಕದ ಮನೆಯ ಕಾಕಾ ಪ್ರತಿ ಸಲವೂ ತಿದ್ದುತ್ತಾರೆ: "ಅಹೋ, ಹಾ ಕರಂಜ ಆಹೇ!" ಕೆಳಗಿನ ಮನೆಯ ತಮಿಳರಿಗೆ ಅದೇ ಮರ ಪುಂಗೈ. ಈ ಜಗಳ ಬಗೆಹರಿಸುವವರು ಯಾರು?

ಬಗೆಹರಿಸಲು ಹೊರಟವನು ಸ್ವೀಡನ್ನಿನ ಲಿನೇಯಸ್. 1753ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಪ್ರತಿ ಗಿಡಕ್ಕೂ ಎರಡು ಪದಗಳ ಹೆಸರು. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಮನೆತನದ ಹೆಸರು, ಸ್ವಂತ ಹೆಸರು ಇದ್ದಂತೆ ಅಂದುಕೊಳ್ಳಿ. ಹೊಂಗೆಗೆ ಆತ ಇಟ್ಟದ್ದು 'ಸೈಟಿಸಸ್ ಪಿನೇಟಸ್'. ಪಿನೇಟಸ್ ಎಂದರೆ ಗರಿಯಂತೆ ಜೋಡಿಸಿದ ಎಲೆಯುಳ್ಳದ್ದು. ಆಮೇಲೆ ಬಂದವರು ಇದು ಆ ಮನೆತನದ್ದಲ್ಲ ಎಂದರು. ಒಬ್ಬರು ಡೆರಿಸ್ ಮನೆಗೆ ಸೇರಿಸಿದರು, ಇನ್ನೊಬ್ಬರು ಮಿಲೇಶಿಯಾ ಮನೆಗೆ. ಈಗ ಹೆಚ್ಚಿನವರು ಒಪ್ಪುವುದು 'ಪೊಂಗಾಮಿಯಾ ಪಿನೇಟಾ'. ಮನೆತನ ಬದಲಾದರೂ ಮೊದಲು ಇಟ್ಟ ಸ್ವಂತ ಹೆಸರನ್ನು ಸಾಧ್ಯವಿದ್ದಷ್ಟೂ ಉಳಿಸಿಕೊಳ್ಳಬೇಕು ಎಂಬುದು ನಿಯಮ.

ಆದರೆ ನನಗೆ ಖುಷಿ ಕೊಟ್ಟದ್ದು ಆ 'ಪೊಂಗಾಮಿಯಾ'. ಅದು ಲ್ಯಾಟಿನ್ ವೇಷ ಹಾಕಿಕೊಂಡ ಮಲಯಾಳದ 'ಪೊಂಗಂ'. 17ನೇ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದ ಮೂಲಕ ಯುರೋಪಿಗೆ ಹೋದ ಹೆಸರು. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು ಅಲ್ಲವೇ? ಹಾಗೆಯೇ ಪೊಂಗಂ ಮತ್ತು ಹೊಂಗೆ ಅಕ್ಕತಂಗಿಯರು. "ನೋಡಿ ಕಾಕಾ, ಲ್ಯಾಟಿನ್ ನಮ್ಮ ಪಾರ್ಟಿ" ಎಂದೆ. ಅವರು ಒಪ್ಪಲಿಲ್ಲ, ಆದರೆ ಚಹಾ ಕುಡಿಸಿದರು.

ಇರಲಿ. ನಮ್ಮ ಗಿಡಗಳಿಗೂ ಈ ಪುಣೆಗೂ ಹಳೆಯ ನಂಟಿದೆ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದ್ದವು. ಪುಣೆಯ ಕಾಲೇಜ್ ಆಫ್ ಸೈನ್ಸ್‌ನ (ಇಂದಿನ ಸಿಒಇಪಿ) ಪ್ರಿನ್ಸಿಪಾಲರಾಗಿದ್ದ ಥಿಯೊಡೋರ್ ಕುಕ್ ಬರೆದ ಮುಂಬಯಿ ಪ್ರೆಸಿಡೆನ್ಸಿಯ ಸಸ್ಯಸಂಪತ್ತಿನ ಗ್ರಂಥ 1901ರಿಂದ 1908ರವರೆಗೆ ಕಂತುಗಳಲ್ಲಿ ಹೊರಬಂತು. ನಮ್ಮ ಘಟ್ಟದ ಗಿಡಗಳೂ ಅದರಲ್ಲಿವೆ. ಕಾಡು ಸುತ್ತಿ ಗಿಡ ತಂದವರಲ್ಲಿ ಸ್ಥಳೀಯರೂ ಇದ್ದರು. ಕೊಲ್ಲಾಪುರ ಕಡೆಯ ಆಂಬಾ ಘಾಟಿನ ಒಂದು ಚೆಂದದ ಹೂಗಿಡ, ರಾನಡೆ ಎಂಬ ಸಂಗ್ರಾಹಕರ ನೆನಪಿಗೆ, ಇವತ್ತಿಗೂ 'ಅಬುಟಿಲಾನ್ ರಾನಡೇಯಿ'.

ಬರೀ ಹೆಸರಿಟ್ಟರೆ ಸಾಲದು. ಗಿಡವನ್ನು ಕಾಗದದ ನಡುವೆ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ, ಯಾವಾಗ, ಯಾರು ಕಿತ್ತದ್ದೆಂದು ಬರೆದಿಡಬೇಕು. ಹೊಸ ಹೆಸರು ಹೀಗೆ ಕಾದಿಟ್ಟ ಒಂದು ಮಾದರಿಗೆ ಗಂಟುಬಿದ್ದಿರುತ್ತದೆ. ಮುಂದೆ ಅನುಮಾನ ಬಂದರೆ ಆ ಹಾಳೆಯೇ ಸಾಕ್ಷಿ. 1955ರಿಂದ ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಯ ಪಶ್ಚಿಮ ಕೇಂದ್ರದಲ್ಲಿಯೂ ಇಂಥ ಹಾಳೆಗಳ ಭಂಡಾರವಿದೆ.

ಒಣ ಹುಲ್ಲನ್ನು ಅಂಟಿಸಿಟ್ಟು ಏನು ಪ್ರಯೋಜನ ಅಂತೀರಾ? ನಮ್ಮ ಜೋಗದ ಕಥೆ ಕೇಳಿ. ನಾನು ಸಾಗರದ ಕಡೆಯವನಾದ್ದರಿಂದ ಇದು ನನಗೆ ಸ್ವಲ್ಪ ಜಾಸ್ತಿಯೇ ತಾಗಿತು.

1919ರಲ್ಲಿ ಮುಂಬಯಿ ಸರ್ಕಾರದ ಅಧಿಕಾರಿ ಸೆಜ್ವಿಕ್ ಮತ್ತು ಕಾರವಾರವನ್ನೇ ಮನೆ ಮಾಡಿಕೊಂಡ ಅರಣ್ಯಾಧಿಕಾರಿ ಬೆಲ್ ಜೋಗ ಜಲಪಾತದ ಬಳಿ ಒಂದು ಸಣ್ಣ, ನಾಜೂಕಿನ ಹುಲ್ಲನ್ನು ಕಿತ್ತಿಟ್ಟರು. ಅದು ಹೊಸದೆಂದು ಹೆಸರಿಡುವ ಹೊತ್ತಿಗೆ ಮೂವತ್ತು ವರ್ಷಗಳೇ ದಾಟಿದ್ದವು. ಸಸ್ಯವಿಜ್ಞಾನಿ ಬೋರ್ 1951ರಲ್ಲಿ ಅದಕ್ಕೆಂದೇ ಹೊಸ ಕುಲ ಮಾಡಿ, ಇಂಗ್ಲೆಂಡಿನ ಹುಲ್ಲುತಜ್ಞ ಹಬ್ಬರ್ಡ್ ಅವರ ಹೆಸರಿನಲ್ಲಿ 'ಹಬ್ಬರ್ಡಿಯಾ ಹೆಪ್ಟಾನ್ಯೂರಾನ್' ಎಂದು ಕರೆದರು. ಅಷ್ಟರಲ್ಲಿ ಶರಾವತಿ ವಿದ್ಯುತ್ತಿಗೆ ತಿರುಗಿದ್ದಳು. 1964ರಲ್ಲಿ ಲಿಂಗನಮಕ್ಕಿ ಬಂತು. ತುಂತುರಿನಲ್ಲಿ ಬದುಕುವ ಹುಲ್ಲಿಗೆ ತುಂತುರೇ ಕಡಿಮೆಯಾಯಿತು. ಹುಡುಕಿದವರಿಗೆ ಸಿಗಲಿಲ್ಲ, ಅಳಿದುಹೋಯಿತೆಂದೇ ಎಣಿಸಿದರು.

ಈ ಶತಮಾನದ ಆರಂಭದಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರು ತಿಲ್ಲಾರಿ ಘಾಟಿನಲ್ಲಿ ಒಂದು ಹುಲ್ಲು ಕಂಡರು. ಪರೀಕ್ಷಿಸಿದರೆ ಅದೇ! ಬೆಳಗಾವಿಗೆ ಹತ್ತಿರದ ಘಟ್ಟದಲ್ಲಿ ನಮ್ಮ ಜೋಗದ ಹುಲ್ಲು ಬದುಕಿತ್ತು. ಹೆಸರೂ ಹಾಳೆಯೂ ಇರದಿದ್ದರೆ ಇದೂ ಹತ್ತರೊಡನೆ ಹನ್ನೊಂದನೆಯ ಹುಲ್ಲಾಗಿ ಕಾಲಡಿ ಸಿಗುತ್ತಿತ್ತು. ಹೆಸರಿಲ್ಲದ್ದು ಕಳೆದುಹೋದರೆ, ಕಳೆದುಹೋಯಿತೆಂಬುದೂ ಗೊತ್ತಾಗುವುದಿಲ್ಲ.

ನಮ್ಮ ಅಜ್ಜಿ ಹಿತ್ತಲಿನ ಒಂದೊಂದು ತಂಬುಳಿ ಸೊಪ್ಪಿಗೂ ಹೆಸರು ಹೇಳುತ್ತಿದ್ದಳು. ಬರೆದಿಟ್ಟುಕೊಳ್ಳಲಿಲ್ಲ. ಒಂದೆಲಗ, ಚಗತೆ ಬಿಟ್ಟರೆ ಈಗ ನನಗೆ ನೆನಪಿರುವುದು ನಾಲ್ಕೈದು. ನನ್ನ ಮಗಳಿಗೆ ಅಷ್ಟೂ ಇಲ್ಲ. ಅಜ್ಜಿಯ ಪಟ್ಟಿಗೆ ಯಾವ ಭಂಡಾರದಲ್ಲೂ ಹಾಳೆಯಿಲ್ಲ.

ಕಳೆದ ಭಾನುವಾರ ಒಂದು ನೋಟ್‌ಬುಕ್ ತಂದು ಶುರುಮಾಡಿದ್ದೇನೆ. ಮೊದಲ ಪುಟದಲ್ಲಿ ಒಂದು ಎಲೆ, ಕೆಳಗೆ: ಹೊಂಗೆ. ಕಾಕಾ ಬಂದು, ಪೆನ್ನು ಕೇಳಿ, ಪಕ್ಕದಲ್ಲಿ 'ಕರಂಜ' ಎಂದು ಬರೆದು ಹೋದರು. ನಿಮ್ಮೂರಲ್ಲಿ ಏನನ್ನುತ್ತಾರೆ? ಹೇಳಿ, ಪುಟದಲ್ಲಿ ಜಾಗವಿದೆ.